ಲೆಜೀರಿಯ ದು ತೇಜು: ಪೋರ್ಚುಗಲ್‌ನ ನೆರೆಬಯಲು ಮತ್ತು ಅದರ ಹನ್ನೊಂದು ಪುರಸಭೆಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಲೆಜೀರಿಯ ಎಂದರೆ ಸರಿಯಾಗಿ ಯಾವ ಭಾಗ?

ತೇಜು ನದಿ ಸ್ಪೇನ್‌ನ ಅಲ್ಬರಾಸಿನ್ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 1,007 ಕಿ.ಮೀ. ಹರಿದು ಲಿಸ್ಬನ್ ಬಳಿ ಅಟ್ಲಾಂಟಿಕ್ ಸೇರುತ್ತದೆ. ಮೇಲುಭಾಗದಲ್ಲಿ ಕಲ್ಲು ಕಣಿವೆಗಳ ನಡುವೆ ಇಕ್ಕಟ್ಟಾಗಿ ಬರುವ ನದಿಗೆ ಗೊಲೆಗಾಂ ಊರಿನ ಹತ್ತಿರ ಬಯಲು ಸಿಗುತ್ತದೆ. ಅಲ್ಲಿಂದ ವಿಲ ಫ್ರಾಂಕ ದಿ ಶೀರದವರೆಗೆ ನದಿಯ ಬದಿಗಳಲ್ಲಿ ಹರಡಿರುವ ಚಪ್ಪಟೆ ಮೆಕ್ಕಲು ಭೂಮಿಯೇ ಲೆಜೀರಿಯ. ಮಳೆಗಾಲದಲ್ಲಿ, ಅಂದರೆ ಅಲ್ಲಿನ ಚಳಿಗಾಲದಲ್ಲಿ, ನದಿ ಉಕ್ಕಿದರೆ ಮುಳುಗುವುದು ಈ ಭೂಮಿ.

ಊರವರು ಈ ಸೀಮೆಯನ್ನು ಮೂರು ಭಾಗ ಮಾಡಿ ಮಾತಾಡುತ್ತಾರೆ. ಬಲದಂಡೆಯ ಮೇಲಿನ ಸುಣ್ಣಕಲ್ಲು, ಜೇಡಿಯ ಗುಡ್ಡಗಳು ‘ಬೈರು’: ಆಲಿವ್, ಅಂಜೂರ, ದ್ರಾಕ್ಷಿಯ ನೆಲ. ನಡುವಿನ ನೆರೆಬಯಲು ‘ಕಾಂಪು’ ಅಥವಾ ಲೆಜೀರಿಯ. ಎಡದಂಡೆಯ ಆಚೆಗಿನ ಮರಳು ಮಣ್ಣಿನ ಎತ್ತರದ ಭಾಗ ‘ಶರ್ನೆಕ’: ಕಾರ್ಕ್ ಓಕ್ ಮರಗಳ ನಾಡು. ಇಲ್ಲಿನ ಯಾವುದೇ ಊರಿನ ಬಗ್ಗೆ ಕೇಳುವಾಗ ಮೊದಲು ಕೇಳಬೇಕಾದದ್ದು ಎರಡೇ: ಯಾವ ದಂಡೆ, ನದಿಯಿಂದ ಎಷ್ಟು ಎತ್ತರ? ಬೆಳೆ, ರಸ್ತೆ, ಮನೆಯ ಬೆಲೆ, ವಿಮೆ ಎಲ್ಲವೂ ಈ ಎರಡರ ಮೇಲೆ ನಿಂತಿವೆ.

ಹನ್ನೊಂದು ಪುರಸಭೆಗಳು ಯಾವುವು? ಎಲ್ಲವೂ ನದಿ ದಂಡೆಯಲ್ಲೇ ಇವೆಯೇ?

ಇಲ್ಲ. ಲೆಜೀರಿಯ ಎಂಬುದು ಈ ಹನ್ನೊಂದು ಪುರಸಭೆಗಳ ಗುಂಪಿನ ಹೆಸರೂ ಹೌದು; ಇಲ್ಲಿ ಪುರಸಭೆ ಎಂದರೆ ಪಟ್ಟಣದ ಜೊತೆ ಸುತ್ತಲಿನ ಹಳ್ಳಿ, ಹೊಲಗಳೂ ಸೇರಿದ ಘಟಕ. ಬಲದಂಡೆಯಲ್ಲಿ ಗೊಲೆಗಾಂ, ಸಾಂತರೆಂ, ಕರ್ತಾಶು, ಅಜಾಂಬುಜ. ಎಡದಂಡೆಯಲ್ಲಿ ಶಮೂಶ್ಕ, ಅಲ್ಪಿಯಾರ್ಸ, ಅಲ್ಮೇರಿಂ, ಸಾಲ್ವತೆರ್ರ ದಿ ಮಾಗುಶ್, ಬೆನವೆಂತ್. ಕುರೂಶ್ ಇರುವುದು ತೇಜುವಿನ ಉಪನದಿ ಸೊರ್ರಾಯದ ಮೇಲೆ. ರಿಯು ಮಯೋರ್ ಅಂತೂ ವಾಯವ್ಯದ ಸುಣ್ಣಕಲ್ಲಿನ ಬೆಟ್ಟದ ಬುಡದಲ್ಲಿದೆ, ನೆರೆಬಯಲಿಗೂ ಅದಕ್ಕೂ ಸಂಬಂಧ ಕಡಿಮೆ. ಒಟ್ಟು ವಿಸ್ತಾರ ಸುಮಾರು 4,275 ಚದರ ಕಿ.ಮೀ., 2021ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 2.36 ಲಕ್ಷ. ಗಾತ್ರದಲ್ಲಿ ಭಾರಿ ಅಂತರವಿದೆ: ಕುರೂಶ್ ಒಂದೇ 1,100 ಚದರ ಕಿ.ಮೀ. ದಾಟುತ್ತದೆ, ಗೊಲೆಗಾಂ ಮತ್ತು ಅಲ್ಪಿಯಾರ್ಸ ತಲಾ ನೂರರೊಳಗೆ.

ವಿಲ ಫ್ರಾಂಕ ದಿ ಶೀರ ಈ ಪಟ್ಟಿಯಲ್ಲಿಲ್ಲ. ಒಡ್ಡು ಕಟ್ಟಿ ಕಾಪಾಡಿರುವ ಅತಿ ದೊಡ್ಡ ಬಯಲಾದ ‘ಲೆಜೀರಿಯ ಗ್ರಾಂದ್’ ಇರುವುದು ಅದರ ವ್ಯಾಪ್ತಿಯಲ್ಲೇ. ಆದರೆ ಆಡಳಿತದಲ್ಲಿ ಅದು ಲಿಸ್ಬನ್ ಮಹಾನಗರಕ್ಕೆ ಸೇರಿದೆ. ಲೆಜೀರಿಯದ ಅಂಕಿಅಂಶ ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಒಂದು ದಾಖಲೆಯಲ್ಲಿ ರಿಬತೇಜು, ಇನ್ನೊಂದರಲ್ಲಿ ಅಲೆಂತೇಜು, ಮತ್ತೊಂದರಲ್ಲಿ ಸಾಂತರೆಂ ಜಿಲ್ಲೆ ಎಂದಿದೆ. ಯಾವುದು ಸರಿ?

ಎಲ್ಲವೂ ಸರಿ, ಬೇರೆ ಬೇರೆ ಲೆಕ್ಕದಲ್ಲಿ. ರಿಬತೇಜು 1936ರ ವಿಂಗಡಣೆಯ ಪ್ರಾಂತ್ಯ. ಈಗ ಆಡಳಿತದಲ್ಲಿ ಇಲ್ಲ, ಜನರ ಬಾಯಲ್ಲಿ ಇದೆ. ಜಿಲ್ಲೆಯ ಲೆಕ್ಕದಲ್ಲಿ ಹತ್ತು ಪುರಸಭೆಗಳು ಸಾಂತರೆಂಗೆ, ಅಜಾಂಬುಜ ಮಾತ್ರ ಲಿಸ್ಬನ್‌ಗೆ. ಅಲೆಂತೇಜು ಬಂದದ್ದು ಯುರೋಪಿಯನ್ ಒಕ್ಕೂಟದ ಅನುದಾನದ ದೆಸೆಯಿಂದ. ಲಿಸ್ಬನ್ ಸುತ್ತಲಿನ ಪ್ರದೇಶ ‘ಶ್ರೀಮಂತ’ ಎಂದು ಲೆಕ್ಕಕ್ಕೆ ಬಿದ್ದಾಗ ಅನುದಾನ ಕಡಿತವಾಗುತ್ತಿತ್ತು. ಹಾಗಾಗಿ 2002ರಲ್ಲಿ ಲೆಜೀರಿಯವನ್ನು ಸಂಖ್ಯಾಶಾಸ್ತ್ರದ ಮಟ್ಟಿಗೆ ಬಡ ನೆರೆಮನೆಯಾದ ಅಲೆಂತೇಜುವಿಗೆ ಸೇರಿಸಿದರು. 2024ರ ಹೊಸ ವಿಂಗಡಣೆಯಲ್ಲಿ ‘ಓಯೆಶ್ತ್ ಮತ್ತು ತೇಜು ಕಣಿವೆ’ ಎಂಬ ಪ್ರತ್ಯೇಕ ಪ್ರದೇಶ ಹುಟ್ಟಿತು, ಲೆಜೀರಿಯ ಅದರೊಳಗೆ ಬಂತು. ಹಳೆಯ ಮತ್ತು ಹೊಸ ಕೋಷ್ಟಕಗಳನ್ನು ಒಟ್ಟಿಗಿಟ್ಟು ಹೋಲಿಸಬೇಡಿ.

ನೆರೆ ಯಾವಾಗ ಬರುತ್ತದೆ? ಏಕೆ?

ನವೆಂಬರಿನಿಂದ ಮಾರ್ಚ್ ನಡುವೆ, ಕೆಲವು ವರ್ಷ ಏಪ್ರಿಲ್ ಆರಂಭದವರೆಗೂ. ನಮ್ಮ ಮುಂಗಾರಿನ ಲೆಕ್ಕ ಇಲ್ಲಿ ನಡೆಯದು; ಬೇಸಿಗೆ ಪೂರ್ತಿ ಒಣ, ಮಳೆ ಚಳಿಗಾಲದ್ದು. ಒಂದು ದಿನದ ಜಡಿಮಳೆಗೆ ತೇಜು ಉಕ್ಕುವುದಿಲ್ಲ. ಜಲಾನಯನ ಪ್ರದೇಶ ಸುಮಾರು 80,000 ಚದರ ಕಿ.ಮೀ., ಅದರಲ್ಲಿ ಮೂರನೇ ಎರಡು ಪಾಲು ಸ್ಪೇನ್‌ನಲ್ಲಿದೆ. ಅಟ್ಲಾಂಟಿಕ್ ಕಡೆಯಿಂದ ಒಂದರ ಹಿಂದೊಂದು ಬಿರುಗಾಳಿ ಮಳೆ ವಾರಗಟ್ಟಲೆ ಬಂದು ನೆಲ ತೊಯ್ದು ತುಂಬಿರಬೇಕು, ಸ್ಪೇನ್‌ನ ಜಲಾಶಯಗಳು ಭರ್ತಿಯಾಗಿರಬೇಕು, ಅದೇ ಹೊತ್ತಿಗೆ ಜೇಜರ್ ಉಪನದಿಯೂ ಏರಬೇಕು. ಮೂರೂ ಕೂಡಿಬಂದರೆ ದೊಡ್ಡ ನೆರೆ. 1979ರ ಫೆಬ್ರವರಿಯಲ್ಲಿ ಬಂದದ್ದು 20ನೇ ಶತಮಾನದಲ್ಲೇ ದೊಡ್ಡದು. ಅದಕ್ಕೂ ಹಿಂದಿನ ದೊಡ್ಡ ಗುರುತು 1876ರ ಡಿಸೆಂಬರಿನದು.

ಕೆಳಭಾಗದಲ್ಲಿ ಸಮುದ್ರದ ಉಬ್ಬರವೂ ಸೇರಿಕೊಳ್ಳುತ್ತದೆ. ಉಬ್ಬರದ ಪ್ರಭಾವ ಮೂಜ್ ಊರಿನ ಆಸುಪಾಸಿನವರೆಗೂ ಕಾಣುತ್ತದೆ. ನದಿ ತುಂಬಿದ ದಿನವೇ ದೊಡ್ಡ ಉಬ್ಬರ ಬಿದ್ದರೆ ಬಯಲಿನ ನೀರು ಹೊರಗೆ ಹೋಗುವುದು ನಿಧಾನವಾಗುತ್ತದೆ.

ಇಷ್ಟು ಅಣೆಕಟ್ಟುಗಳಿವೆ, ನೆರೆ ನಿಲ್ಲಬಾರದೇ?

ಸಣ್ಣ, ಮಧ್ಯಮ ನೆರೆಗಳು ಕಡಿಮೆಯಾಗಿವೆ, ದೊಡ್ಡವು ನಿಂತಿಲ್ಲ. ಜೇಜರ್ ಮೇಲಿನ ಕಾಸ್ತೆಲು ದು ಬೋದ್ 1951ರಿಂದ ಇದೆ. ಸಾಮರ್ಥ್ಯ 1,095 ದಶಲಕ್ಷ ಘನ ಮೀಟರ್, ಅಂದರೆ ಸುಮಾರು 38.7 ಟಿಎಂಸಿ. ಸ್ಪೇನ್‌ನ ಅಲ್ಕಾಂತರ 1969ರದು, ಸುಮಾರು 111 ಟಿಎಂಸಿ. ಗಡಿಯ ಈಚೆ ತೇಜುವಿನ ಮೇಲೇ ಇರುವ ಫ್ರತೆಲ್ ಮತ್ತು ಬೆಲ್ವೆರ್ ಹೆಚ್ಚೇನೂ ಹಿಡಿದಿಡಲಾರವು, ಬಂದ ನೀರನ್ನು ವಿದ್ಯುತ್ತಿಗೆ ತಿರುಗಿಸಿ ಕೆಳಗೆ ಬಿಡುತ್ತವೆ.

ತೊಡಕಿರುವುದು ಗಾತ್ರದಲ್ಲಲ್ಲ, ಉದ್ದೇಶದಲ್ಲಿ. ಜಲಾಶಯ ನೆರೆ ತಡೆಯಬೇಕಾದರೆ ಖಾಲಿ ಇರಬೇಕು. ವಿದ್ಯುತ್ತಿಗೂ ಕುಡಿಯುವ ನೀರಿಗೂ ತುಂಬಿರಬೇಕು. ಲಿಸ್ಬನ್ನಿನ ಕುಡಿಯುವ ನೀರು ಮುಖ್ಯವಾಗಿ ಕಾಸ್ತೆಲು ದು ಬೋದ್‌ನಿಂದಲೇ ಹೋಗುತ್ತದೆ. ಮಳೆಗಾಲದ ಕೊನೆಯಲ್ಲಿ ತುಂಬಿದ ಜಲಾಶಯದ ಮೇಲೆ ಮತ್ತೊಂದು ಬಿರುಮಳೆ ಬಂದರೆ ಗೇಟು ತೆರೆಯುವುದೊಂದೇ ದಾರಿ. ‘ಸ್ಪೇನಿನವರು ನೀರು ಬಿಟ್ಟರು’ ಎಂಬ ದೂರು ಪ್ರತಿ ನೆರೆಯಲ್ಲೂ ಕೇಳಿಬರುತ್ತದೆ. ಅದು ಅರ್ಧ ಮಾತ್ರ ನಿಜ: ಬಂದಷ್ಟನ್ನೇ ಬಿಡುವ ತುಂಬಿದ ಅಣೆಕಟ್ಟು ಹೊಸ ನೆರೆಯನ್ನು ಸೃಷ್ಟಿಸುವುದಿಲ್ಲ, ತಡೆಯುವುದೂ ಇಲ್ಲ.

ಒಣ ವರ್ಷಗಳಲ್ಲಿ ಜಗಳ ತಿರುಗಿ ಬೀಳುತ್ತದೆ. 1998ರ ಅಲ್ಬುಫೇರ ಒಪ್ಪಂದದ ಪ್ರಕಾರ ಸ್ಪೇನ್ ಗಡಿಯ ಸೆದಿಯೊ ಅಣೆಕಟ್ಟಿನಿಂದ ಸಾಮಾನ್ಯ ವರ್ಷದಲ್ಲಿ ಕನಿಷ್ಠ 2,700 ದಶಲಕ್ಷ ಘನ ಮೀಟರ್, ಸುಮಾರು 95 ಟಿಎಂಸಿ, ಬಿಡಬೇಕು. ಕಾವೇರಿಯ ಬಗ್ಗೆ ಓದಿದವರಿಗೆ ಇಲ್ಲಿನ ವಾದಗಳು ಹೊಸದೆನಿಸವು: ವರ್ಷದ ಒಟ್ಟು ಲೆಕ್ಕ ಸರಿಹೋದರೂ ಬೇಕಾದ ವಾರದಲ್ಲಿ ಬೇಕಾದಷ್ಟು ನೀರು ಬರುತ್ತದೆಯೇ ಎಂಬುದೇ ಪ್ರಶ್ನೆ. 2008ರ ತಿದ್ದುಪಡಿಯಲ್ಲಿ ವಾರದ ಮತ್ತು ತ್ರೈಮಾಸಿಕ ಕನಿಷ್ಠ ಪ್ರಮಾಣಗಳೂ ಸೇರಿದ್ದು ಇದಕ್ಕಾಗಿಯೇ.

ನೆರೆಯ ಎಚ್ಚರಿಕೆ ಹೇಗೆ ತಿಳಿಯುತ್ತದೆ? ಆಗ ಏನು ಮಾಡಬೇಕು?

ತೇಜು ಜಲಾನಯನಕ್ಕೆಂದೇ ವಿಶೇಷ ತುರ್ತು ಯೋಜನೆ ಇದೆ. ಹಂತಗಳು ನಾಲ್ಕು: ನೀಲಿ, ಹಳದಿ, ಕಿತ್ತಳೆ, ಕೆಂಪು. ಮುಖ್ಯವಾಗಿ ನೋಡುವುದು ಗೊಲೆಗಾಂಗೂ ಮೇಲೆ, ಅಲ್ಮೊರೋಲ್ ಕೋಟೆಯ ಬಳಿ ಅಳೆಯುವ ಹರಿವನ್ನು. ಅಲ್ಲಿ ಏರಿದ ನೀರು ಬಯಲಿಗೆ ಇಳಿಯಲು ಗಂಟೆಗಳು ಬೇಕು. ಜಾನುವಾರು, ಪಂಪು, ಯಂತ್ರಗಳನ್ನು ಮೇಲಕ್ಕೆ ಸಾಗಿಸಲು ಸಿಗುವ ಕಾಲ ಅದೇ. ಹರಿವಿನ ಅಂಕಿಗಳನ್ನು ಪರಿಸರ ಸಂಸ್ಥೆಯ ಜಲಮಾಹಿತಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಹವಾಮಾನ ಇಲಾಖೆಯ ಬಣ್ಣಗಳೇ ಬೇರೆ, ಈ ಯೋಜನೆಯ ಬಣ್ಣಗಳೇ ಬೇರೆ. ಸಾಂತರೆಂನಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ನದಿ ಕಿತ್ತಳೆ ಹಂತದಲ್ಲಿರಬಹುದು.

ಮೊದಲು ಮುಳುಗುವುದು ಕೆಲವು ಗೊತ್ತಿರುವ ಜಾಗಗಳೇ. ಗೊಲೆಗಾಂನಿಂದ ಸಾಂತರೆಂ ಕಡೆ ಬರುವ ರಾಷ್ಟ್ರೀಯ ರಸ್ತೆ 365 ಅಲ್ವಿಯೇಲ ಸೇತುವೆಯ ಬಳಿ ಕಡಿದುಹೋಗುತ್ತದೆ. ರೆಗೆಂಗು ದು ಅಲ್ವಿಯೇಲ ಎಂಬ ಹಳ್ಳಿ ದ್ವೀಪವಾಗಿ, ಅಗ್ನಿಶಾಮಕ ದಳದ ದೋಣಿಯೇ ಅದರ ಬಸ್ಸಾಗುತ್ತದೆ. ಕರ್ತಾಶು ಪುರಸಭೆಯ ವಲಾದ ಒಡ್ಡಿನ ಹಿಂದೆ ಬದುಕುತ್ತದೆ. ಊರು ಒಣಗಿದ್ದರೂ ಅಲ್ಲಿಗೆ ಹೋಗುವ ರಸ್ತೆ ನೀರಿನಡಿ ಹೋಗುವುದುಂಟು.

ಬಾಡಿಗೆ ಕಾರಿನಲ್ಲಿರುವವರು ಗಮನಿಸಬೇಕು: ಬಯಲಿನ ರಸ್ತೆಗಳ ಎರಡೂ ಬದಿ ಆಳವಾದ ಕಾಲುವೆಗಳಿವೆ. ನೀರು ನಿಂತಾಗ ರಸ್ತೆಯ ಅಂಚು ಕಾಣುವುದಿಲ್ಲ. 30 ಸೆಂ.ಮೀ. ಹರಿಯುವ ನೀರೇ ಸಣ್ಣ ಕಾರನ್ನು ಪಕ್ಕಕ್ಕೆ ತಳ್ಳಬಲ್ಲದು. ಅಡ್ಡಗಟ್ಟೆ ಇಟ್ಟಿದ್ದರೆ ಹಿಂದಿರುಗಿ. ತುರ್ತಿಗೆ 112.

ಪ್ರತಿ ವರ್ಷ ಮುಳುಗಬಹುದಾದ ನೆಲದಲ್ಲಿ ಏನು ಬೆಳೆಯುತ್ತಾರೆ?

ನೀರು ಇಳಿದ ಮೇಲೆ ಬಿತ್ತಿ, ಮತ್ತೆ ಏರುವ ಮೊದಲು ಕೊಯ್ಯಬಹುದಾದದ್ದನ್ನು: ಭತ್ತ, ಕಾರ್ಖಾನೆಗೆ ಹೋಗುವ ಟೊಮೆಟೊ, ಮೆಕ್ಕೆಜೋಳ, ಕರಬೂಜ. ಬಯಲಿನ ದ್ರಾಕ್ಷಿ ಬಳ್ಳಿ ಮಾತ್ರ ವರ್ಷವಿಡೀ ಅಲ್ಲೇ ಇರುತ್ತದೆ. ಚಳಿಗಾಲದಲ್ಲಿ ಅದು ಎಲೆ ಉದುರಿಸಿ ಮಲಗಿರುವುದರಿಂದ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಅದೇ ನೆರೆ ಮೊಳಕೆಯೊಡೆದ ಮೇಲೆ ಬಂದರೆ ಆ ವರ್ಷದ ಫಸಲು ಹೋದಂತೆ.

ಭತ್ತವನ್ನು ಇಲ್ಲಿ ನಾಟಿ ಮಾಡುವುದಿಲ್ಲ, ಎರಚುತ್ತಾರೆ. ಗದ್ದೆಯನ್ನು ಲೇಸರ್ ಸಾಧನ ಕಟ್ಟಿದ ಟ್ರಾಕ್ಟರಿನಿಂದ ಸಮತಟ್ಟು ಮಾಡಿ, ನೀರು ನಿಲ್ಲಿಸಿ, ನೆನೆಸಿದ ಬೀಜವನ್ನು ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ ಹೆಕ್ಟೇರಿಗೆ 200 ಕೆ.ಜಿ. ಆಸುಪಾಸು ಚೆಲ್ಲುತ್ತಾರೆ. ನೆಲ ಸಮವಿಲ್ಲದಿದ್ದರೆ ತಗ್ಗಿನಲ್ಲಿ ಬೀಜ ಉಸಿರುಗಟ್ಟುತ್ತದೆ, ಉಬ್ಬಿನಲ್ಲಿ ಕಳೆ ಗೆಲ್ಲುತ್ತದೆ. ಅತಿ ಕೆಟ್ಟ ಕಳೆಯೆಂದರೆ ಕೆಂಪು ಕಾಡುಭತ್ತ: ಬೆಳೆಯದೇ ಜಾತಿಯಾದ್ದರಿಂದ ಸಾಮಾನ್ಯ ಕಳೆನಾಶಕಕ್ಕೆ ಬೇರೆಯಾಗಿ ಕಾಣುವುದಿಲ್ಲ, ಕೊಯ್ಲಿಗೆ ಮೊದಲೇ ಕಾಳು ಉದುರಿಸಿ ಮುಂದಿನ ವರ್ಷಕ್ಕೆ ಬಿತ್ತನೆ ಮುಗಿಸಿರುತ್ತದೆ. ಬಿತ್ತುವ ಮೊದಲು ಗದ್ದೆಗೆ ನೀರು ಕೊಟ್ಟು ಅದನ್ನು ಮೊಳೆಯಿಸಿ ಕೊಲ್ಲುವುದು ಹಳೆಯ, ಈಗಲೂ ನಂಬಬಹುದಾದ ಉಪಾಯ. ಕೊಯ್ಲು ಸೆಪ್ಟೆಂಬರ್–ಅಕ್ಟೋಬರ್. ಸೊರ್ರಾಯ ಕಣಿವೆಯಲ್ಲಿ ಮೊಂತರ್ಜಿಲ್ ಮತ್ತು ಮರಾನ್ಯಾಂವ್ ಜಲಾಶಯಗಳ ಕಾಲುವೆ ಸುಮಾರು 15,000 ಹೆಕ್ಟೇರಿಗೆ ನೀರುಣಿಸುತ್ತದೆ. ಅದನ್ನು ನಡೆಸುವುದು ಕುರೂಶ್‌ನಲ್ಲಿರುವ ನೀರು ಬಳಕೆದಾರ ರೈತರ ಸಂಘ.

ಟೊಮೆಟೊ ಸಸಿಗಳನ್ನು ವಸಂತದಲ್ಲಿ ನೆಟ್ಟು ಹನಿ ನೀರಾವರಿಯಲ್ಲಿ ಬೆಳೆಸುತ್ತಾರೆ. ಹೆಕ್ಟೇರಿಗೆ 30,000ಕ್ಕೂ ಮೇಲೆ ಸಸಿ, 80–100 ಟನ್ ಇಳುವರಿ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಯಂತ್ರ ಒಂದೇ ಸಲಕ್ಕೆ ಗಿಡವನ್ನೇ ಕತ್ತರಿಸಿ ಹಣ್ಣು ಉದುರಿಸಿಕೊಳ್ಳುತ್ತದೆ. ಆದ್ದರಿಂದ ಎಲ್ಲ ಹಣ್ಣೂ ಒಟ್ಟಿಗೆ ಮಾಗಬೇಕು, ಕಾರ್ಖಾನೆಯ ಸರದಿಯೂ ಆ ವಾರವೇ ಸಿಗಬೇಕು. ಸೆಪ್ಟೆಂಬರಿನ ಮೊದಲ ಮಳೆ ರೈತರಿಗೆ ಭಯ: ಹಣ್ಣು ಕೊಳೆಯುವುದಷ್ಟೇ ಅಲ್ಲ, ಜೇಡಿಯಲ್ಲಿ ಕೊಯ್ಲು ಯಂತ್ರವೇ ಹೂತುಕೊಳ್ಳುತ್ತದೆ.

ನೆರೆ ತರುವ ನಯವಾದ ಹೂಳಿನಿಂದ ನೆಲ ಫಲವತ್ತಾಗುತ್ತದೆ ಎಂಬುದು ನಿಜ. ಆದರೆ ಒಡ್ಡು ಒಡೆದ ಜಾಗದಲ್ಲಿ ನೀರು ನುಗ್ಗಿದರೆ ಬರುವುದು ಹೂಳಲ್ಲ, ಮರಳು. ಮರಳು ಮುಚ್ಚಿದ ಹೊಲವನ್ನು ಸರಿಪಡಿಸಲು ವರ್ಷಗಳೇ ಹಿಡಿಯಬಹುದು. ಉಕ್ಕಿ ಹರಿದ ಒಡ್ಡು ಮತ್ತು ಒಡೆದ ಒಡ್ಡು ಇವೆರಡರ ನಡುವಿನ ವ್ಯತ್ಯಾಸ ಪತ್ರಿಕೆಯ ಫೋಟೊದಲ್ಲಿ ಕಾಣಿಸದು, ರೈತನ ಲೆಕ್ಕಪುಸ್ತಕದಲ್ಲಿ ಕಾಣುತ್ತದೆ.

ಬೇಸಿಗೆಯಲ್ಲಿ ನದಿ ತುಂಬ ಹತ್ತಿರವಿದ್ದರೂ ನೀರೆತ್ತಬಾರದು ಎನ್ನುತ್ತಾರೆ, ಏಕೆ?

ಉಪ್ಪು. ನದಿಯ ಹರಿವು ಕುಗ್ಗಿದಾಗ ಉಬ್ಬರದೊಂದಿಗೆ ಉಪ್ಪುನೀರು ಒಳಗೆ ಬರುತ್ತದೆ. ಲೆಜೀರಿಯ ಗ್ರಾಂದ್‌ನಂಥ ಕೆಳಭಾಗದಲ್ಲಿ ತೂಬು ತೆರೆಯುವ ಮೊದಲು ನೀರಿನ ವಿದ್ಯುತ್ ವಾಹಕತೆ ಅಳೆಯುತ್ತಾರೆ; ಉಪ್ಪು ಹೆಚ್ಚಿದಷ್ಟೂ ಅದು ಹೆಚ್ಚು. ನೀರಾವರಿ ನೀರಿನಲ್ಲಿ ಅದು ಮೀಟರಿಗೆ 2 ಡೆಸಿಸೀಮೆನ್ಸ್ ದಾಟಿದರೆ ಭತ್ತದ ಇಳುವರಿ ಇಳಿಯತೊಡಗುತ್ತದೆ, ಟೊಮೆಟೊಗೆ ಸುಮಾರು 1.7, ಮೆಕ್ಕೆಜೋಳಕ್ಕೆ 1.1. ಹಾಗಾಗಿ ಇಳಿತದ ಕೊನೆಯ ಗಂಟೆಗಳಲ್ಲಿ ಮಾತ್ರ ತೂಬು ತೆರೆದು ಉಳಿದ ಹೊತ್ತು ಮುಚ್ಚಿಡುವ ದಿನಗಳು ಬರುತ್ತವೆ. ಒಮ್ಮೆ ತಪ್ಪಿ ಒಳಗೆ ಬಿಟ್ಟ ಉಪ್ಪನ್ನು ತೊಳೆಯಲು ಮುಂದಿನ ಚಳಿಗಾಲದ ಮಳೆಯನ್ನೇ ಕಾಯಬೇಕು.

ಕುರೂಶ್ ಸುತ್ತ ಮರಗಳ ಕಾಂಡದ ಮೇಲೆ ಬಿಳಿ ಅಂಕಿ ಬರೆದಿರುತ್ತದಲ್ಲ, ಏನದು?

ಕಾರ್ಕ್, ಅಂದರೆ ಬಿರಡೆ ಮಾಡುವ ತೊಗಟೆ, ಸುಲಿದ ವರ್ಷದ ಕೊನೆಯ ಅಂಕಿ. ‘4’ ಎಂದಿದ್ದರೆ 2024ರಲ್ಲಿ ಸುಲಿದದ್ದು, ಮತ್ತೆ ಕೈಹಚ್ಚುವುದು 2033ರಲ್ಲಿ. ಎರಡು ಸುಲಿತಗಳ ನಡುವೆ ಕನಿಷ್ಠ ಒಂಬತ್ತು ವರ್ಷ ಬಿಡಬೇಕೆಂಬುದು ಕಾನೂನು. ಮೊದಲ ಸಲ ಸುಲಿಯಬೇಕಾದರೆ ನೆಲದಿಂದ 1.30 ಮೀ. ಎತ್ತರದಲ್ಲಿ ಕಾಂಡದ ಸುತ್ತಳತೆ 70 ಸೆಂ.ಮೀ. ಆಗಿರಬೇಕು. ಎಷ್ಟು ಎತ್ತರದವರೆಗೆ ಸುಲಿಯಬಹುದು ಎಂಬುದಕ್ಕೂ ಲೆಕ್ಕವಿದೆ: ಮೊದಲ ಸಲ ಸುತ್ತಳತೆಯ ಎರಡು ಪಟ್ಟು, ಎರಡನೆಯ ಸಲ ಎರಡೂವರೆ, ಆಮೇಲೆ ಮೂರು. ಸುತ್ತಳತೆ 80 ಸೆಂ.ಮೀ. ಇರುವ ಮರಕ್ಕೆ ಮೊದಲ ಸಲ 1.6 ಮೀ. ಮಾತ್ರ. ಬಾಟಲಿ ಬಿರಡೆಗೆ ಒದಗುವುದು ಮೂರನೆಯ ಸುಲಿತದಿಂದ. ನೆಟ್ಟವನಿಗೆ ಅದು ಸಿಗಲು ನಲವತ್ತು ವರ್ಷ ದಾಟುತ್ತದೆ.

ಸುಲಿಯುವ ಕಾಲ ಮೇ ಮಧ್ಯದಿಂದ ಆಗಸ್ಟ್. ಆಗ ಮರದಲ್ಲಿ ರಸ ಏರಿ ತೊಗಟೆ ಸಡಿಲವಾಗಿರುತ್ತದೆ. ಕೊಡಲಿಯ ಏಟು ಒಂದಿಷ್ಟು ಆಳವಾದರೆ ಒಳತೊಗಟೆಗೆ ಗಾಯ, ಆ ಜಾಗದಲ್ಲಿ ಮುಂದೆ ಒಳ್ಳೆಯ ಕಾರ್ಕ್ ಬರುವುದಿಲ್ಲ. ಸುಲಿಯುವವರ ಕೂಲಿ ಪೋರ್ಚುಗಲ್‌ನ ಕೃಷಿ ಕೆಲಸಗಳಲ್ಲೇ ಮೇಲಿನ ಸಾಲಿನಲ್ಲಿರುವುದು ಇದಕ್ಕೇ. ಸ್ವಂತ ಜಮೀನಿನ ಮರವಾದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ.

ಬಯಲಿನಲ್ಲಿ ಮನೆ ಅಥವಾ ಜಮೀನು ಕೊಳ್ಳುವ ಮೊದಲು ಏನು ಪರೀಕ್ಷಿಸಬೇಕು?

ಅಗ್ಗದ ಬೆಲೆಗೆ ಕಾರಣ ಇದ್ದೇ ಇರುತ್ತದೆ. ಈ ಕ್ರಮದಲ್ಲಿ ಹೋಗಿ.

ಮೊದಲು ತೆರಿಗೆ ಕಚೇರಿಯ ಆಸ್ತಿಪುಸ್ತಕ, ನೋಂದಣಿ ಕಚೇರಿಯ ಪ್ರಮಾಣಪತ್ರ ಎರಡನ್ನೂ ತೆಗೆಸಿ ಅಳತೆ ಹೋಲಿಸಿ. ಹಳೆಯ ಕೃಷಿ ಜಮೀನುಗಳಲ್ಲಿ ಎರಡೂ ಕೂಡುವುದು ಅಪರೂಪ. ಆಮೇಲೆ ಪುರಸಭೆಯ ಮಹಾಯೋಜನೆಯ ನಕ್ಷೆ ನೋಡಿ. ರಾಷ್ಟ್ರೀಯ ಕೃಷಿ ಮೀಸಲು ಮತ್ತು ರಾಷ್ಟ್ರೀಯ ಪರಿಸರ ಮೀಸಲು ಎಂಬ ಎರಡು ಪದರಗಳು ಅದರಲ್ಲಿರುತ್ತವೆ. ಬಯಲಿನ ಬಹುಪಾಲು ಈ ಎರಡರೊಳಗೂ ಬೀಳುತ್ತದೆ. ‘ಪಾಳು ಮನೆ ಇದೆ, ದೊಡ್ಡದು ಮಾಡಿಕೊಳ್ಳಬಹುದು’ ಎಂಬ ಮಾರುವವರ ಮಾತನ್ನು ನಂಬಬೇಡಿ. ಪೂರ್ವ ಮಾಹಿತಿ ಅರ್ಜಿಯನ್ನು ಪುರಸಭೆಗೆ ಕೊಟ್ಟು ಬರಹದಲ್ಲಿ ಉತ್ತರ ಪಡೆಯಿರಿ. ಅನುಕೂಲಕರ ಉತ್ತರ ಬಂದರೆ ಅದರ ಅವಧಿಯೊಳಗೆ ಪುರಸಭೆಯೂ ಅದಕ್ಕೆ ಬದ್ಧ.

ನದಿಗೆ ತಾಗಿದ ಜಮೀನಾದರೆ ಅಂಚು ಯಾರದು ಎಂಬ ಪ್ರಶ್ನೆ ಬರುತ್ತದೆ. ದೋಣಿ ಸಾಗಬಲ್ಲ ನೀರಿನ ದಂಡೆಯಲ್ಲಿ 30 ಮೀ., ಕಡಲ ಆಡಳಿತದ ವ್ಯಾಪ್ತಿಯಲ್ಲಿ 50 ಮೀ. ಪಟ್ಟಿಗೆ ಸಾರ್ವಜನಿಕ ನಿರ್ಬಂಧಗಳಿವೆ; ಸಣ್ಣ ತೊರೆಗಾದರೆ 10 ಮೀ. ಪಕ್ಕದ ಜಮೀನಿನವರಿಗೆ ಮೊದಲು ಕೊಳ್ಳುವ ಹಕ್ಕು ಇರಬಹುದು. ಅವರಿಗೆ ತಿಳಿಸದೆ ಕ್ರಯ ಮಾಡಿಕೊಂಡರೆ ನಂತರ ನ್ಯಾಯಾಲಯಕ್ಕೆ ಹೋಗಿ ನಿಮ್ಮ ಬೆಲೆಗೇ ಅವರು ಜಮೀನು ಪಡೆಯಬಲ್ಲರು.

ವಿಮೆಯಲ್ಲಿ ‘ನೆರೆ’ ಮತ್ತು ‘ಭೂಕಂಪ’ ಎರಡೂ ಇವೆಯೇ ಎಂದು ಓದಿ ನೋಡಿ. ಭೂಕಂಪದ್ದು ಹೆಚ್ಚಾಗಿ ಪ್ರತ್ಯೇಕ ಆಯ್ಕೆ. 1909ರ ಏಪ್ರಿಲ್ 23ರ ಭೂಕಂಪ ಬೆನವೆಂತ್ ಊರನ್ನು ಉರುಳಿಸಿತ್ತು, ಮೆಕ್ಕಲು ಮಣ್ಣು ಅಲುಗಾಟವನ್ನು ಹೆಚ್ಚಿಸುತ್ತದೆ. ಇದನ್ನು ದುಂದು ಎಂದು ಬಿಡುವಂತಿಲ್ಲ. ವಾರ್ಷಿಕ ಆಸ್ತಿ ತೆರಿಗೆ ಕಟ್ಟಡಗಳಿಗೆ ಸರ್ಕಾರಿ ಮೌಲ್ಯದ 0.3–0.45%, ನಿಖರ ದರ ಆಯಾ ಪುರಸಭೆಯದು. ಕೃಷಿ ಜಮೀನಿಗೆ 0.8%.

ಯಾವ ಕೆಲಸಕ್ಕೆ ಯಾವ ಕಚೇರಿ?

ಪುರಸಭೆಯ ಕಾರ್ಯಾಂಗ ‘ಕಾಮರ’, ಅದರ ಮೇಲ್ವಿಚಾರಣೆಗೆ ಪುರಸಭಾ ಸಭೆ. ಕೆಳಗಿನ ಹಂತ ‘ಫ್ರೆಗೆಜೀಯ’, ಅದರ ಕಚೇರಿ ‘ಜುಂತ’. ನಮ್ಮ ಗ್ರಾಮ ಪಂಚಾಯಿತಿಗೆ ಹತ್ತಿರ ಎನ್ನಬಹುದು, ಅಧಿಕಾರ ಮಾತ್ರ ಕಡಿಮೆ. ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಈಚಿನದು 2025ರ ಅಕ್ಟೋಬರಿನಲ್ಲಿ. ಕಾಮರ ಅಧ್ಯಕ್ಷರು ಸತತ ಮೂರು ಅವಧಿಗಿಂತ ಹೆಚ್ಚು ಇರುವಂತಿಲ್ಲ. ಭಾರತದ ನಾಗರಿಕರಿಗೆ ಇಲ್ಲಿನ ಸ್ಥಳೀಯ ಚುನಾವಣೆಯಲ್ಲಿ ಮತವಿಲ್ಲ.

ಕಟ್ಟಡ ಪರವಾನಗಿ, ಪುರಸಭಾ ರಸ್ತೆ, ಶಾಲಾ ವಾಹನ, ಸ್ಥಳೀಯ ನಾಗರಿಕ ರಕ್ಷಣೆ ಇವೆಲ್ಲ ಕಾಮರಕ್ಕೆ. ನದಿಯ ದಂಡೆ, ಬಾವಿ, ನೀರೆತ್ತುವ ಅನುಮತಿ ಪರಿಸರ ಸಂಸ್ಥೆಗೆ. ವಾಸ ದೃಢೀಕರಣ ಪತ್ರ ಜುಂತದಲ್ಲಿ. ಹೊಲ, ಕಾರ್ಖಾನೆಗಳಿಗೆ ದಕ್ಷಿಣ ಏಷ್ಯಾದಿಂದ ಬರುವವರು ಮೊದಲು ಹತ್ತುವ ಮೆಟ್ಟಿಲು ಇದೇ. ಪಾಸ್‌ಪೋರ್ಟ್, ಬಾಡಿಗೆ ಕರಾರು ಒಯ್ಯಿರಿ. ಕರಾರು ಇಲ್ಲದಿದ್ದರೆ ಅದೇ ಫ್ರೆಗೆಜೀಯದ ಮತದಾರರ ಪಟ್ಟಿಯಲ್ಲಿರುವ ಇಬ್ಬರ ಸಾಕ್ಷ್ಯಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಒಂದೇ ವಿಳಾಸಕ್ಕೆ ಹತ್ತಾರು ಜನ ಅರ್ಜಿ ಹಾಕಿದ ಕಡೆಗಳಲ್ಲಿ ಜುಂತಗಳು ಬಿಗಿ ಮಾಡಿವೆ, ಮೊದಲೇ ವಿಚಾರಿಸಿ. ತೆರಿಗೆ ಸಂಖ್ಯೆ ಹಣಕಾಸು ಕಚೇರಿಯಲ್ಲಿ, ಆರೋಗ್ಯ ಸಂಖ್ಯೆ ಆರೋಗ್ಯ ಕೇಂದ್ರದಲ್ಲಿ. ವಾಸ ಪರವಾನಗಿಗೆ ಇರುವುದು ‘ಐಮಾ’ ಸಂಸ್ಥೆ, 2023ರ ಅಕ್ಟೋಬರ್ ಕೊನೆಯಿಂದ. ಪ್ರವಾಸಿಯಾಗಿ ಬಂದು ಕೆಲಸ ಹಿಡಿದು ಆಮೇಲೆ ಅರ್ಜಿ ಹಾಕುವ ಹಳೆಯ ದಾರಿ 2024ರ ಜೂನ್‌ನಲ್ಲಿ ಮುಚ್ಚಿತು. ಅದು ಇನ್ನೂ ಇದೆ ಎನ್ನುವ ಏಜೆಂಟರಿಗೆ ಹಣ ಕೊಡಬೇಡಿ.

ವಿಳಾಸದ ಒಂದು ಗೊಂದಲ: 2013ರಲ್ಲಿ ಒಟ್ಟುಗೂಡಿಸಿದ ಫ್ರೆಗೆಜೀಯಗಳಲ್ಲಿ ಹಲವು 2025ರ ಚುನಾವಣೆಯೊಂದಿಗೆ ಮತ್ತೆ ಬೇರೆಯಾಗಿವೆ. ಹಳೆಯ ಪತ್ರದಲ್ಲಿ ಜೋಡಿ ಹೆಸರಿದ್ದರೆ ಈಗ ನಿಮ್ಮ ಜುಂತ ಯಾವುದೆಂದು ಖಚಿತಪಡಿಸಿಕೊಳ್ಳಿ.

ಕಾರಿಲ್ಲದೆ ಓಡಾಡಬಹುದೇ?

ಬಲದಂಡೆಯಲ್ಲಿ ಹೌದು, ಎಡದಂಡೆಯಲ್ಲಿ ಕಷ್ಟ. ಲಿಸ್ಬನ್–ಪೋರ್ತು ಮುಖ್ಯ ರೈಲುಮಾರ್ಗ ಬಲದಂಡೆಯಲ್ಲೇ ಸಾಗುತ್ತದೆ. ಲಿಸ್ಬನ್ನಿನ ಉಪನಗರ ರೈಲು ಅಜಾಂಬುಜದವರೆಗೆ ಬರುತ್ತದೆ. ಸಾಂತರೆಂಗೆ ಮುಕ್ಕಾಲರಿಂದ ಒಂದು ಗಂಟೆ. ಸಾಂತರೆಂ ನಿಲ್ದಾಣ ಕೆಳಗೆ ನದಿಯ ಪಕ್ಕ, ಊರು ಮೇಲೆ ಪ್ರಸ್ಥಭೂಮಿಯಲ್ಲಿ. ಸಾಮಾನಿದ್ದರೆ ಟ್ಯಾಕ್ಸಿ ಹಿಡಿಯಿರಿ. ಎಡದಂಡೆಯ ಬೆನವೆಂತ್, ಅಲ್ಮೇರಿಂ, ಅಲ್ಪಿಯಾರ್ಸ, ಶಮೂಶ್ಕಗಳನ್ನು ಪೋಣಿಸುವುದು ರಾಷ್ಟ್ರೀಯ ರಸ್ತೆ 118. ಪ್ರಯಾಣಿಕರ ರೈಲಿಲ್ಲ, ಬಸ್ಸುಗಳು ಶಾಲೆಯ ವೇಳೆಗೆ ಹೊಂದಿಕೊಂಡಿರುತ್ತವೆ, ಶನಿವಾರ ಭಾನುವಾರ ತೀರ ಕಡಿಮೆ.

ನೋಡಲು ಬರುವುದಾದರೆ ಯಾವಾಗ, ಏನು?

ಕುದುರೆ ಇಷ್ಟವಾದರೆ ನವೆಂಬರ್ 11ರ ಸುಮಾರಿಗೆ ಗೊಲೆಗಾಂ ಜಾತ್ರೆ. ಲುಸಿತಾನೊ ಕುದುರೆಗಳು, ಹುರಿದ ಚೆಸ್ಟ್‌ನಟ್, ಕೆಸರು. ಕೋಣೆ ತಿಂಗಳುಗಟ್ಟಲೆ ಮೊದಲೇ ತುಂಬಿರುತ್ತದೆ. ಎಂತ್ರೊಂಕಮೆಂತು ಊರಿನಲ್ಲಿ ಉಳಿದು ಬರುವುದು ಸುಲಭ. ಕೃಷಿಯಾದರೆ ಜೂನ್‌ನಲ್ಲಿ ಸಾಂತರೆಂನ ರಾಷ್ಟ್ರೀಯ ಕೃಷಿ ಮೇಳ. ಹಕ್ಕಿಗಳಾದರೆ ಚಳಿಗಾಲ: ಗೊಲೆಗಾಂ ಪಕ್ಕದ ಪೌಲ್ ದು ಬೊಕಿಲೋಬು ಜೌಗು 1981ರಲ್ಲಿ ಯುನೆಸ್ಕೊ ಜೀವಗೋಳ ಮೀಸಲಾಯಿತು, ಪೋರ್ಚುಗಲ್‌ನಲ್ಲಿ ಮೊದಲನೆಯದು. ಮೂಜ್ ಬಳಿ ಸುಮಾರು 8,000 ವರ್ಷ ಹಿಂದಿನ ಜನ ತಿಂದು ಎಸೆದ ಚಿಪ್ಪಿನ ದಿಬ್ಬಗಳಿವೆ, 1863ರಲ್ಲಿ ಪತ್ತೆಯಾದವು. ಆಗ ಉಪ್ಪುನೀರು ಅಷ್ಟು ಒಳಗೆ ಬರುತ್ತಿತ್ತು ಎನ್ನುವುದಕ್ಕೆ ಅವೇ ಸಾಕ್ಷಿ. ರಿಯು ಮಯೋರ್‌ನಲ್ಲಿ ಕಡಲಿನಿಂದ 30 ಕಿ.ಮೀ. ಒಳಗೆ ಬಾವಿಯಿಂದ ಸಮುದ್ರಕ್ಕಿಂತ ಏಳು ಪಟ್ಟು ಉಪ್ಪಾದ ನೀರೆತ್ತಿ ಉಪ್ಪು ಮಾಡುತ್ತಾರೆ. ಬೇಸಿಗೆಯಲ್ಲಿ ಮಾತ್ರ ಹೋಗಿ, ಉಳಿದಾಗ ಕಟ್ಟೆಗಳು ಖಾಲಿ.

ಸಾಲ್ವತೆರ್ರ ಪುರಸಭೆಯ ಎಸ್ಕರೋಪಿಂ ‘ಅವಿಯೇರು’ ಮೀನುಗಾರರ ಊರು. ಅಟ್ಲಾಂಟಿಕ್ ತೀರದ ವಿಯೇರದವರು ಚಳಿಗಾಲದಲ್ಲಿ ಕಡಲು ಕೆರಳಿದಾಗ ಮೀನಿಗಾಗಿ ತೇಜುವಿಗೆ ಬರುತ್ತಿದ್ದರು, ಕ್ರಮೇಣ ಇಲ್ಲೇ ನಿಂತರು. ಕಂಬಗಳ ಮೇಲೆ ಎತ್ತಿ ಕಟ್ಟಿ ಬಣ್ಣ ಬಳಿದ ಮರದ ಮನೆಗಳು. ನೆರೆ ಬಂದರೆ ನೀರು ಕೆಳಗೆ ಹಾದುಹೋಗಲಿ ಎಂದು.

ಬೀದಿಯಲ್ಲಿ ಹೋರಿ ಬಿಡುವ ಹಬ್ಬಗಳಲ್ಲಿ ಮರದ ಅಡ್ಡಗಟ್ಟೆಯ ಹಿಂದೆಯೇ ನಿಲ್ಲಿ. ಸ್ಥಳೀಯ ರಜೆಗಳನ್ನೂ ಗಮನಿಸಿ: ಸಾಂತರೆಂಗೆ ಮಾರ್ಚ್ 19, ಕುರೂಶ್‌ಗೆ ಆಗಸ್ಟ್ 17, ಶಮೂಶ್ಕ ಸೇರಿ ಹಲವಕ್ಕೆ ಈಸ್ಟರ್ ನಂತರದ ಸ್ವರ್ಗಾರೋಹಣದ ಗುರುವಾರ. ಅಂದು ಕಚೇರಿ ಕೆಲಸ ಇಟ್ಟುಕೊಳ್ಳಬೇಡಿ.

ಕರ್ನಾಟಕಕ್ಕೂ ಈ ಬಯಲಿಗೂ ಏನಾದರೂ ನಂಟಿದೆಯೇ?

ಒಂದು ಗೋರಿಕಲ್ಲಿನಷ್ಟು. 1500ರಲ್ಲಿ ಬ್ರೆಜಿಲ್ ತೀರ ಮುಟ್ಟಿ, ಅಲ್ಲಿಂದ ಭಾರತಕ್ಕೆ ಬಂದ ಪೆದ್ರೊ ಆಲ್ವರೆಸ್ ಕಬ್ರಾಲ್ ಕಲ್ಲಿಕೋಟೆಗೆ ಹೋಗುವ ಮುನ್ನ ಆ ಆಗಸ್ಟ್‌ನಲ್ಲಿ ಹಡಗು ನಿಲ್ಲಿಸಿದ್ದು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. ಅವನ ಸಮಾಧಿ ಸಾಂತರೆಂನ ಗ್ರಾಸ ಚರ್ಚಿನ ನೆಲದಲ್ಲಿದೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಕೇಳಿ ತಿನ್ನಬೇಕು. ಅಲ್ಮೇರಿಂನ ಹೆಸರಾಂತ ‘ಕಲ್ಲಿನ ಸೂಪ್’ನಲ್ಲಿ ಹುರುಳಿಕಾಯಿ ಜಾತಿಯ ಕಾಳು, ಆಲೂಗಡ್ಡೆ, ಕೊತ್ತಂಬರಿ ಎಲ್ಲ ಇವೆ, ಜೊತೆಗೆ ಹಂದಿಯ ಕಿವಿ, ಸಾಸೇಜು, ರಕ್ತದ ಸಾಸೇಜೂ ಇವೆ. ತರಕಾರಿ ಸೂಪ್ ಎಂದದ್ದಕ್ಕೂ ಮಾಂಸದ ಸಾರು ಹಾಕಿರಬಹುದು. ‘ಸೆಂ ಕಾರ್ನ್, ಸೆಂ ಪೇಶ್’, ಮಾಂಸ ಮೀನು ಎರಡೂ ಬೇಡ ಎಂದು ಹೇಳಿ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಒಣಮೀನು ಬರುವ ಸಂಭವವೇ ಹೆಚ್ಚು.

ಮನೆಯಲ್ಲಿ ಅಡಿಗೆ ಮಾಡುವವರು ಇಲ್ಲಿನ ಕರೊಲಿನು ಅಕ್ಕಿ ಕೊಳ್ಳಬಹುದು. ಅದನ್ನು ಬಾಸ್ಮತಿಯಂತೆ ಉದುರಾಗಿಸಲು ಹೋದರೆ ಸೋಲುತ್ತೀರಿ. ಅದರ ಗುಣವೇ ಸಾರು ಹೀರುವುದು. ಒಂದು ಅಳತೆ ಅಕ್ಕಿಗೆ ಮೂರು ಅಳತೆ ಕುದಿಯುವ ಸಾರು, 12–15 ನಿಮಿಷ, ಇನ್ನೂ ಹರಿಯುವಂತಿರುವಾಗಲೇ ಇಳಿಸಿ ತಕ್ಷಣ ಬಡಿಸಿ. ಹತ್ತು ನಿಮಿಷ ಬಿಟ್ಟರೆ ಗಟ್ಟಿ ಮುದ್ದೆ. ಬಿಸಿಬೇಳೆಬಾತಿಗೂ ಪೊಂಗಲಿಗೂ ಇದು ಬಾಸ್ಮತಿಗಿಂತ ವಾಸಿ.

ಹೊಸ ವಿಮಾನ ನಿಲ್ದಾಣ ಇಲ್ಲಿಗೇ ಬರುತ್ತಿದೆಯೇ?

ಹೌದು, ಹೆಸರಿನಲ್ಲಿ ಅಲ್ಕೊಶೇತ್ ಎಂದಿದ್ದರೂ. 2024ರ ಮೇ ತಿಂಗಳಲ್ಲಿ ಸರ್ಕಾರ ಆರಿಸಿದ ಸೇನಾ ಗುರಿತರಬೇತಿ ಮೈದಾನದ ಬಹುಭಾಗ ಬೆನವೆಂತ್ ಪುರಸಭೆಯಲ್ಲಿದೆ. ಸಾಂತರೆಂ ಬಳಿಯ ಇನ್ನೊಂದು ಪ್ರಸ್ತಾವವನ್ನು ಅದು ಕೈಬಿಟ್ಟಿತು. ಜಾಗ ಶರ್ನೆಕದ ಮರಳು ಎತ್ತರದಲ್ಲಿರುವುದರಿಂದ ತೇಜುವಿನ ನೆರೆ ಅಲ್ಲಿಗೆ ಏರದು. ಅಲ್ಲಿನ ಚರ್ಚೆ ಕಾರ್ಕ್ ಓಕ್ ಮರಗಳದ್ದು, ಅಂತರ್ಜಲದ್ದು, ಅಳಿವೆಯ ಹಕ್ಕಿಗಳದ್ದು. ‘ವಿಮಾನ ನಿಲ್ದಾಣದ ಹತ್ತಿರ’ ಎಂಬ ಜಾಹೀರಾತಿನ ನಿವೇಶನಗಳಿಗೆ ಮೇಲೆ ಹೇಳಿದ ನಕ್ಷೆ ಪರೀಕ್ಷೆಯೇ ಅನ್ವಯ: ನಿಲ್ದಾಣ ಬಂದಾಕ್ಷಣ ಪಕ್ಕದ ಮೀಸಲು ಭೂಮಿ ತಾನಾಗಿ ಕಟ್ಟಡಕ್ಕೆ ತೆರೆದುಕೊಳ್ಳುವುದಿಲ್ಲ.